ಹಳೇ ಮರದ ಸೋಫಾ ದುರಸ್ತಿ: ಚೌಕಟ್ಟಿನಿಂದ ಹೊದಿಕೆಯವರೆಗೆ

ಕಡಿಮೆ ಖರ್ಚಿನಲ್ಲಿ ಕೋಣೆಯ ಕಳೆ ಬದಲಿಸಬೇಕು ಎಂದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಸೋಫಾ ಬಟ್ಟೆಯ ಕಡೆಗೆ. ಆದರೆ ಬಟ್ಟೆ ಕೊನೆಯ ಕೆಲಸ. ಚೌಕಟ್ಟು ಅಲುಗಾಡುತ್ತಿದ್ದು, ಮೆತ್ತೆಯನ್ನು ಹೊರುವ ಅಡಿಯ ಬೆಲ್ಟುಗಳು ಜೋತುಬಿದ್ದಿದ್ದರೆ ಕೂತಾಗಲೆಲ್ಲ ಮೆತ್ತೆ ಗುಳಿಯೊಳಗೆ ಇಳಿಯುತ್ತದೆ. ಆಗ ಹೊದಿಕೆಯ ಮೂಲೆಗಳ ಮೇಲೆ ಎಳೆತ ಬಿದ್ದು, ಎಷ್ಟೇ ಒಳ್ಳೆಯ ಬಟ್ಟೆಯಾದರೂ ಹೊಲಿಗೆಯ ಪಕ್ಕದಲ್ಲಿ ಪಿಸಿಯುತ್ತದೆ. ಹಾಗಾಗಿ ಈ ದುರಸ್ತಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ: ಜಾಯಿಂಟ್, ಬೆಲ್ಟ್, ಫೋಮ್, ಆಮೇಲೆ ಬಟ್ಟೆ. ದುಡ್ಡು ಸಾಲದಿದ್ದರೆ ಬಟ್ಟೆಯಲ್ಲಿ ಉಳಿಸಿ, ಫೋಮಿನಲ್ಲಿ ಬೇಡ. ಮರದ ಕೆಲಸಕ್ಕೆ ಸಾಮಾನಿನ ಖರ್ಚು ಬಹಳ ಕಡಿಮೆ, ಬೇಕಾದ್ದು ಸಮಯ ಮಾತ್ರ.

ಇಲ್ಲಿನ ಸೋಫಾ ಮೂರು ಸೀಟಿನದು, ಗಟ್ಟಿ ಮರದ್ದು. ಕೈಗಳ ನಡುವಿನ ಅಗಲ 66 ಇಂಚು, ಕೂರುವ ಆಳ 22 ಇಂಚು. ಕಾಲುಗಳನ್ನು ಸೇರಿಸಿ ಸೀಟನ್ನು ಹೊರುವ ಅಡ್ಡಮರಗಳು 3½ ಇಂಚು ಎತ್ತರ, 1 ಇಂಚು ದಪ್ಪ. ಅವುಗಳ ಮೇಲಂಚು ನೆಲದಿಂದ 12½ ಇಂಚಿನಲ್ಲಿದೆ. ಮುಂದಿನ ಎರಡೂ ಜಾಯಿಂಟ್ ಸಡಿಲ. ಹಿಂದಿನ ಎಡಗಾಲಿಗೆ ಯಾವಾಗಲೋ ಮೊಳೆ ಹೊಡೆದಿದ್ದಾರೆ. ಬೆಲ್ಟುಗಳು ಹರಿದಿವೆ, ಫೋಮ್ ಪುಡಿಯುದುರುತ್ತಿದೆ, ಕೈಗಳ ಮೇಲೆ ಪಾಲಿಶ್ ಬೆಳ್ಳಗೆ ಮಾಸಿದೆ, ಹಿಂದಿನ ಅಡ್ಡಮರದಲ್ಲಿ ಹುಳುವಿನ ತೂತುಗಳಿವೆ.

ದುರಸ್ತಿಗೆ ಯೋಗ್ಯವೋ ಅಲ್ಲವೋ

ಸೋಫಾವನ್ನು ಮಗುಚಿ ಅಡಿಬಟ್ಟೆ ಕಿತ್ತು ನೋಡದೆ ಏನನ್ನೂ ಕೊಳ್ಳಬೇಡಿ. ದಪ್ಪ ಸೂಜಿ ಅಥವಾ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಪ್ರತಿ ಅಡ್ಡಮರವನ್ನೂ, ಕಾಲುಗಳ ಬುಡವನ್ನೂ ಚುಚ್ಚಿ. ತುದಿ ಸಲೀಸಾಗಿ ಕಾಲು ಇಂಚು ಒಳಗೆ ಹೋದರೆ ಆ ಭಾಗ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಒಂದು ಮರ ಹೋಗಿದ್ದರೆ ಅದನ್ನು ಬದಲಿಸಬಹುದು. ಮುಂದಿನ ಅಡ್ಡಮರವೂ ಕಾಲುಗಳೂ ಒಟ್ಟಿಗೆ ಹೋಗಿದ್ದರೆ ಬಿಟ್ಟುಬಿಡಿ. ಚೌಕಟ್ಟು ಪಾರ್ಟಿಕಲ್ ಬೋರ್ಡಿನದಾಗಿದ್ದು ಸ್ಕ್ರೂ ತೂತುಗಳು ಹಿಗ್ಗಿದ್ದರೂ ಅಷ್ಟೇ. ಒಮ್ಮೆ ಉದುರಿದ ಬೋರ್ಡು ಸ್ಕ್ರೂವನ್ನು ಮತ್ತೆ ಹಿಡಿಯುವುದಿಲ್ಲ.

ಹುಳುವಿನ ತೂತು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ತೂತು ಹಳೆಯದೋ ಹುಳು ಇನ್ನೂ ಒಳಗಿದೆಯೋ ಎಂಬುದು ಮುಖ್ಯ. ಅಡಿಗೆ ಕಪ್ಪು ಕಾಗದ ಹಾಸಿ, ಮರವನ್ನು ಒಮ್ಮೆ ಕುಟ್ಟಿ ಹಳೇ ಪುಡಿಯನ್ನೆಲ್ಲ ಉದುರಿಸಿ ಒರೆಸಿಬಿಡಿ. ಕೆಲವು ವಾರಗಳಲ್ಲಿ ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಹುಳು ಜೀವಂತ. ಮರದ ಹುಳುವಿಗೆಂದೇ ಸಿಗುವ ಬೋರೇಟ್ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಬಿಸಿನೀರಿಗೆ ಕಲಸಿ, ಬರಿ ಮರಕ್ಕೆ ಬ್ರಶ್ಶಿನಿಂದ ಎರಡು ಸಲ ಹಚ್ಚಿ, ತೂತುಗಳಿಗೆ ಸಿರಿಂಜಿನಿಂದ ಬಿಡಿ. ಬರಿ ಮರಕ್ಕೇ ಹಚ್ಚಬೇಕು, ಪಾಲಿಶ್ ಇರುವ ಕಡೆ ಅದು ಒಳಗೆ ಇಳಿಯುವುದಿಲ್ಲ. ಅಡ್ಡಮರದ ಒಳಮುಖಕ್ಕೆ ಸಾಮಾನ್ಯವಾಗಿ ಪಾಲಿಶ್ ಇರದ ಕಾರಣ ಕೆಲಸ ಸುಲಭ. ಕೈಗವಸು ಹಾಕಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಮುಂದಿನ ಕೆಲಸ.

ಜಾಯಿಂಟ್ ಬಿಚ್ಚುವುದು

ಒಂದು ಮರದ ತುದಿಯನ್ನು ನಾಲಿಗೆಯಂತೆ ಕಡಿದು ಇನ್ನೊಂದರ ಗೂಡಿನೊಳಗೆ ಕೂರಿಸಿದ ಜಾಯಿಂಟ್ ಇದು. ಅದು ಸಡಿಲಾಗಲು ಎರಡು ಕಾರಣ. ಮರ ವರ್ಷಗಟ್ಟಲೆ ಒಣಗಿ ನಾಲಿಗೆ ಸಣಕಲಾಗುತ್ತದೆ, ಅಂಟಿನ ಪದರ ಬಿರಿಯುತ್ತದೆ. ಆಮೇಲೆ ಕೂತೆದ್ದಾಗಲೆಲ್ಲ ನಾಲಿಗೆ ಗೂಡಿನ ಗೋಡೆಗೆ ಬಡಿದು ಎರಡೂ ಕಡೆಯ ನಾರು ನಜ್ಜುತ್ತದೆ. ಹೊರಗಿನಿಂದ ಸಂದಿಗೆ ಅಂಟು ಸುರಿದರೆ ಪ್ರಯೋಜನವಿಲ್ಲ, ಏಕೆಂದರೆ ಬಿಳಿ ಮರದಂಟು ಹಳೇ ಅಂಟಿನ ಮೇಲೆ ಕಚ್ಚುವುದಿಲ್ಲ. ಮೊಳೆ ಹೊಡೆಯುವುದಂತೂ ಬೇಡವೇ ಬೇಡ. ಮೊಳೆಯ ಸುತ್ತ ನಾಲಿಗೆ ಸೀಳುತ್ತದೆ, ಮುಂದೆ ಜಾಯಿಂಟ್ ಬಿಚ್ಚಲೂ ಆಗದಂತೆ ತಡೆಯುತ್ತದೆ.

ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದು, ಪ್ರತಿ ಜಾಯಿಂಟಿನ ಎರಡೂ ಬದಿಗೆ ಒಂದೇ ಸಂಖ್ಯೆ ಬರೆದ ಮಾಸ್ಕಿಂಗ್ ಟೇಪ್ ಅಂಟಿಸಿ. ಮುಂದಿನ ಎರಡು ಕಾಲುಗಳು ನೋಡಲು ಒಂದೇ ಥರ ಇದ್ದರೂ ಗೂಡುಗಳ ಅಳತೆ ಕೂದಲೆಳೆಯಷ್ಟು ಬೇರೆ ಇರುತ್ತದೆ, ಅದಲುಬದಲಾದರೆ ಕೂರುವುದಿಲ್ಲ. ಮೊಳೆ ಇರುವಲ್ಲಿ ತಲೆಯ ಸುತ್ತ ಸಣ್ಣ ಉಳಿಯಿಂದ ಸ್ವಲ್ಪ ಕೆತ್ತಿ, ಇಕ್ಕಳದಿಂದ ಹಿಡಿದು ತಿರುಗಿಸುತ್ತ ಎಳೆಯಿರಿ. ತುಕ್ಕು ಹಿಡಿದು ಬರದಿದ್ದರೆ ಕಾದ ಸಾಲ್ಡರಿಂಗ್ ಕಬ್ಬಿಣವನ್ನು ಮೊಳೆಯ ತಲೆಗೆ ಅರ್ಧ ನಿಮಿಷ ತಾಗಿಸಿದರೆ ಸುತ್ತಲ ಮರ ಒಣಗಿ ಹಿಡಿತ ಸಡಿಲುತ್ತದೆ.

ಬಿಚ್ಚಲು ರಬ್ಬರ್ ಸುತ್ತಿಗೆ ಮತ್ತು ಒಂದು ಮೆತ್ತನೆ ಮರದ ತುಂಡು. ಜಾಯಿಂಟಿಗೆ ಆದಷ್ಟು ಹತ್ತಿರ, ಎರಡೂ ಕಡೆ ಸರದಿಯಂತೆ ಕುಟ್ಟಿ. ಸಡಿಲವಾಗಿದ್ದು ಮಾತ್ರ ಬಿಚ್ಚಿ. ಅಲುಗಾಡದ ಜಾಯಿಂಟನ್ನು ಅನುಮಾನಕ್ಕೆ ಬಿಚ್ಚಿದರೆ ಕೆಲಸ ಹೆಚ್ಚುವುದಷ್ಟೇ. ಅರ್ಧ ಸಡಿಲಾಗಿ ಅರ್ಧ ಹಿಡಿದಿರುವ ಜಾಯಿಂಟಿಗೆ ಬಿಸಿ ವಿನೆಗರನ್ನು ಸಿರಿಂಜಿನಿಂದ ಬಿಟ್ಟು ಸ್ವಲ್ಪ ಹೊತ್ತು ಕಾದರೆ ಬಿಳಿ ಅಂಟೂ ಹಳೇ ಪ್ರಾಣಿಜನ್ಯ ಅಂಟೂ ಮೆತ್ತಗಾಗುತ್ತವೆ. ಬಿಚ್ಚಿದ ಮೇಲೆ ಆ ಭಾಗವನ್ನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಮಾರನೇ ದಿನದವರೆಗೆ ಒಣಗಲು ಬಿಡಿ.

ಹಳೇ ಅಂಟನ್ನು ಕೆರೆದು ತೆಗೆಯುವುದೇ ಇಡೀ ದುರಸ್ತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವ, ಹೆಚ್ಚು ಫಲ ಕೊಡುವ ಕೆಲಸ. ನಾಲಿಗೆಯ ಮೇಲೆ ಉಳಿಯನ್ನು ನೇರ ಹಿಡಿದು ಕೆರೆಯಿರಿ, ಕಡಿಯಬೇಡಿ. ಹೊಳೆಯುವ ಪದರ ಹೋಗಿ ಮರದ ಬಣ್ಣ ಕಂಡರೆ ಸಾಕು. ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಅಂಚುಗಳು ದುಂಡಗಾಗಿ ನಾಲಿಗೆ ಇನ್ನೂ ಸಣ್ಣದಾಗುತ್ತದೆ. ಗೂಡಿನೊಳಗೆ ಕಾಲು ಇಂಚಿನ ಉಳಿ ಸಾಕು.

ಅಂಟು ಹಾಕುವ ಮುನ್ನ ಒಣ ಜೋಡಣೆ ಮಾಡಿ ನೋಡಲೇಬೇಕು. ನಾಲಿಗೆಯನ್ನು ಕೈಯಿಂದ ಒತ್ತಿದರೆ ಬಿಗಿಯಾಗಿ ಹೋಗಿ, ಎತ್ತಿ ಹಿಡಿದರೆ ತಾನಾಗಿ ಜಾರದೆ ನಿಲ್ಲುವುದು ಸರಿಯಾದ ಹದ. ಇಲ್ಲಿ ಮುಂದಿನ ಎಡ ಜಾಯಿಂಟಿನಲ್ಲಿ ಒಂದು ಮಿಲಿಮೀಟರಿನಷ್ಟು ಸಂದಿ ಇತ್ತು. ಅಷ್ಟು ಸಂದಿಯನ್ನು ಬಿಳಿ ಅಂಟು ತುಂಬಲಾರದು. ಅದು ತೆಳ್ಳನೆಯ ಪದರವಾಗಿದ್ದಾಗ ಮಾತ್ರ ಬಲ, ದಪ್ಪವಾದರೆ ಒಣಗುತ್ತ ಕುಗ್ಗಿ ಬಿಡುತ್ತದೆ. ಅದೇ ಜಾತಿಯ ಮರದಿಂದ ಉಜ್ಜುಗೊರಡಿನಲ್ಲಿ ತೆಗೆದ ಅರ್ಧ ಮಿಲಿಮೀಟರ್ ದಪ್ಪದ ಸಿಪ್ಪೆಯನ್ನು ನಾಲಿಗೆಯ ಎರಡೂ ಅಗಲ ಮುಖಗಳಿಗೆ ಅಂಟಿಸಿ, ನಾರು ನಾಲಿಗೆಯ ಉದ್ದಕ್ಕೇ ಇರುವಂತೆ ನೋಡಿಕೊಂಡು, ಒಣಗಿದ ಮೇಲೆ ಹದಕ್ಕೆ ಕೆರೆದರೆ ಕೆಲಸ ಆಯಿತು. ಒಂದೇ ಕಡೆ ಸಿಪ್ಪೆ ಅಂಟಿಸಿದರೆ ಅಡ್ಡಮರ ಕಾಲಿನ ಮುಖದಿಂದ ಒಳಕ್ಕೋ ಹೊರಕ್ಕೋ ಸರಿದುಬಿಡುತ್ತದೆ.

ಅಂಟು, ಹಿಡಿಕಟ್ಟು, ಮೂಲೆಮಟ್ಟ

ಅಂಟನ್ನು ನಾಲಿಗೆಗೂ ಗೂಡಿನ ಗೋಡೆಗಳಿಗೂ ತೆಳುವಾಗಿ ಹಚ್ಚಿ. ಗೂಡಿನ ತಳಕ್ಕೆ ಸುರಿಯಬೇಡಿ. ಅಲ್ಲಿ ನಿಂತ ಅಂಟು ಹೊರಹೋಗಲು ದಾರಿಯಿಲ್ಲದೆ ನಾಲಿಗೆಯನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ, ಒತ್ತಿದರೆ ಕಾಲು ಸೀಳಲೂಬಹುದು. ಹಚ್ಚಿದ ಮೇಲೆ ಕೈಯಲ್ಲಿರುವುದು ಹತ್ತು ನಿಮಿಷ ಮಾತ್ರ, ಸೆಖೆಯ ದಿನ ಇನ್ನೂ ಕಡಿಮೆ. ಹಾಗಾಗಿ ಕ್ಲಾಂಪ್, ಒದ್ದೆ ಬಟ್ಟೆ, ಟೇಪು ಎಲ್ಲವೂ ಮೊದಲೇ ಪಕ್ಕದಲ್ಲಿರಲಿ.

66 ಇಂಚಿಗೆ ಸಾಲುವ ಉದ್ದದ ಕ್ಲಾಂಪ್ ಕೊಳ್ಳಬೇಕಾಗಿಲ್ಲ. ಗಟ್ಟಿ ನೈಲಾನ್ ಹಗ್ಗವನ್ನು ಚೌಕಟ್ಟಿನ ಸುತ್ತ ಎರಡು ಸುತ್ತು ಹಾಕಿ ಗಂಟು ಬಿಗಿದು, ಎರಡು ಎಳೆಗಳ ನಡುವೆ ಒಂದಡಿ ಉದ್ದದ ಕೋಲು ತೂರಿಸಿ ತಿರುವಿದರೆ ಬೇಕಾದಷ್ಟು ಒತ್ತಡ ಬರುತ್ತದೆ. ಹಗ್ಗ ಮೂಲೆಗೆ ತಾಗುವಲ್ಲಿ ರಟ್ಟಿನ ತುಂಡು ಮಡಚಿ ಇಡಿ, ಇಲ್ಲದಿದ್ದರೆ ಪಾಲಿಶಿನ ಮೇಲೆ ಗೀರು ಬೀಳುತ್ತದೆ. ಸಂದಿ ಮುಚ್ಚಿ ಅಂಟಿನ ಸಣ್ಣ ಮಣಿಗಳು ಸಾಲಾಗಿ ಹೊರಬಂದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುವಿದರೆ ಅಂಟೆಲ್ಲ ಹಿಂಡಿ ಹೋಗುತ್ತದೆ.

ಕೋಲನ್ನು ಅಲ್ಲೇ ಕಟ್ಟಿ, ಕೂಡಲೇ ಕರ್ಣ ಅಳೆಯಿರಿ. ಕೂರುವ ಚೌಕದ ಎದುರುಬದುರು ಮೂಲೆಗಳ ಎರಡು ಅಳತೆಗಳ ವ್ಯತ್ಯಾಸ 3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಉದ್ದ ಇರುವ ಮೂಲೆಗಳನ್ನು ಒತ್ತಿ ಸರಿಪಡಿಸಿ. ಇದೊಂದನ್ನು ಬಿಟ್ಟರೆ ಮುಂದೆ ಮೂರು ಮೆತ್ತೆಗಳನ್ನೂ ಸೊಟ್ಟಗೆ ಹೊಲಿಯಬೇಕಾದೀತು. ನಾಲ್ಕೂ ಕಾಲು ಸಮತಟ್ಟಾದ ನೆಲ ಮುಟ್ಟುತ್ತಿವೆಯೇ ಎಂದೂ ಈಗಲೇ ನೋಡಬೇಕು. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ, ಅಂಟು ಒಣಗಿದ ಜಾಗದಲ್ಲಿ ಬಣ್ಣವೂ ಪಾಲಿಶೂ ಹಿಡಿಯದೆ ಕಲೆ ಉಳಿಯುತ್ತದೆ. ಹಗ್ಗ ಒಂದು ರಾತ್ರಿ ಹಾಗೇ ಇರಲಿ, 24 ಗಂಟೆ ಯಾರೂ ಕೂರಬಾರದು.

ಒಳಮೂಲೆಗಳಿಗೆ ತ್ರಿಕೋನ ಗುಟಕಗಳು, ಅಂದರೆ ಆಧಾರಕ್ಕಿಡುವ ಮರದ ತುಂಡುಗಳು, ಹಳೇ ಸೋಫಾಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಒಂದೂವರೆ ಇಂಚು ದಪ್ಪದ ಮರದಲ್ಲಿ, ಬದಿ 3 ಇಂಚು ಬರುವಂತೆ 45 ಡಿಗ್ರಿಗೆ ಕತ್ತರಿಸಿದ ನಾಲ್ಕು ಗುಟಕ ಬೇಕು. ಅಡ್ಡಮರದ ಮೇಲಂಚಿಗಿಂತ 2 ಇಂಚು ಕೆಳಗೆ ಅಂಟು ಹಚ್ಚಿ, ಪ್ರತಿ ಬದಿಗೂ 8 ನಂಬರಿನ ಒಂದೊಂದು ಸ್ಕ್ರೂ ಬಿಗಿಯಿರಿ. ಸ್ಕ್ರೂ ಗುಟಕವನ್ನು ದಾಟಿ ಅಡ್ಡಮರದೊಳಗೆ ಮುಕ್ಕಾಲು ಇಂಚಿಗಿಂತ ಹೆಚ್ಚು ಹೋಗಬಾರದು, ಹೋದರೆ ತುದಿ ಹೊರಮುಖದಲ್ಲಿ ಇಣುಕುತ್ತದೆ. ಗಟ್ಟಿ ಮರಕ್ಕೆ ಮೊದಲು 3 ಮಿಲಿಮೀಟರ್ ಬಿಟ್ಟಿನಿಂದ ತೂತು ಕೊರೆದು, ಸ್ಕ್ರೂ ಎಳೆಗಳಿಗೆ ಮೇಣ ಉಜ್ಜಿ. ಒಣ ಸ್ಕ್ರೂವನ್ನು ಬಲವಂತದಿಂದ ತಿರುಗಿಸಿದರೆ ತಲೆ ಮುರಿದು ಉಳಿದದ್ದು ಮರದೊಳಗೇ ಕೂರುತ್ತದೆ.

ಇನ್ನು ಆಧಾರಮರ. ಎಲಾಸ್ಟಿಕ್ ಬೆಲ್ಟುಗಳೆಲ್ಲ ಸೇರಿ ಮುಂದಿನ ಅಡ್ಡಮರವನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತವೆ. 66 ಇಂಚು ಉದ್ದದ, ಒಂದೇ ಇಂಚು ದಪ್ಪದ ಮರ ಆ ಎಳೆತಕ್ಕೆ ನಡುವಿನಲ್ಲಿ ಒಳಕ್ಕೆ ಬಾಗುತ್ತದೆ. ಬಾಗಿದಷ್ಟೂ ನಡುವಿನ ಬೆಲ್ಟುಗಳು ಸಡಿಲ. ಮೂರು ಸೀಟಿನ ಸೋಫಾಗಳಲ್ಲಿ ನಡುಸೀಟು ಮೊದಲು ಕುಸಿಯಲು ಇದೂ ಒಂದು ಕಾರಣ. ಮುಂದಿನ ಮತ್ತು ಹಿಂದಿನ ಅಡ್ಡಮರಗಳ ನಡುವೆ, 22 ಇಂಚಿಗೊಂದರಂತೆ, 2 ಇಂಚು ಅಗಲ 1 ಇಂಚು ದಪ್ಪದ ಎರಡು ಮರಗಳನ್ನು ಮಲಗಿಸಿ ಕೂರಿಸಿ. ಒಳ ಅಂತರ 20 ಇಂಚು ಇದ್ದರೆ ಕರಾರುವಾಕ್ಕಾಗಿ 20 ಇಂಚು ಉದ್ದ. ಎಳೆತ ತಡೆಯುವುದು ಅಡ್ಡಮರಗಳಿಗೆ ಬಿಗಿಯಾಗಿ ತಾಗಿ ನಿಂತ ಅದರ ತುದಿಗಳು. ಪಕ್ಕದಲ್ಲಿ ಅಂಟಿಸಿ ಸ್ಕ್ರೂ ಹಾಕಿದ ಸಣ್ಣ ಗುಟಕ ಅದು ಜಾರದಂತೆ ಹಿಡಿಯುತ್ತದೆ, ಅಷ್ಟೇ. ಅಡ್ಡಮರದ ತಳಮಟ್ಟದಲ್ಲೇ ಕೂರಿಸಿದರೆ ಬೆಲ್ಟಿಗೂ ಅದಕ್ಕೂ ನಡುವೆ ಎರಡೂವರೆ ಇಂಚು ಸಿಗುತ್ತದೆ. ಅದಕ್ಕಿಂತ ಮೇಲಿದ್ದರೆ ಕೂತವರ ಮೂಳೆಗೆ ತಾಗುತ್ತದೆ.

ಪಾಲಿಶ್

ಬೆಲ್ಟ್ ಹಾಕುವ ಮುನ್ನ ಪಾಲಿಶ್ ಮುಗಿಸಿದರೆ ಉಜ್ಜಿದ ಪುಡಿ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಇರುವ ಪಾಲಿಶ್ ಯಾವುದೆಂದು ಮೊದಲು ತಿಳಿಯಬೇಕು. ಕಾಣದ ಜಾಗದಲ್ಲಿ ಒಂದು ಹನಿ ಡಿನೇಚರ್ಡ್ ಸ್ಪಿರಿಟ್ ಬಿಟ್ಟು ನಿಮಿಷ ಕಾದು ಬೆರಳಿನಿಂದ ಮುಟ್ಟಿ. ಜಿಗುಟಾದರೆ ಅರಗಿನ (ಶೆಲ್ಯಾಕ್) ಪಾಲಿಶ್. ಸ್ಪಿರಿಟ್ಟಿಗೆ ಬಗ್ಗದೆ ಲ್ಯಾಕರ್ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯುರೆಥೇನ್ ಅಥವಾ ಮೆಲಮೈನ್ ಜಾತಿಯದು. ಅದನ್ನು ಪೂರ್ತಿ ಕೆರೆಯದೆ, 320 ಗ್ರಿಟ್ಟಿನ ಸ್ಯಾಂಡ್‌ಪೇಪರಿನಿಂದ ಹೊಳಪು ತೆಗೆದು ಅದೇ ಜಾತಿಯದನ್ನು ಮೇಲೆ ಹಚ್ಚುವುದು ಜಾಣತನ.

ಈ ಸೋಫಾಕ್ಕಿದ್ದದ್ದು ಅರಗು. ಅರಗಿನ ದೊಡ್ಡ ಗುಣವೆಂದರೆ ಹೊಸ ಪದರ ಹಳೇ ಪದರವನ್ನು ತುಸು ಕರಗಿಸಿ ಅದರಲ್ಲೇ ಬೆರೆತುಹೋಗುತ್ತದೆ. ಹಾಗಾಗಿ ಚೆನ್ನಾಗಿರುವ ಕಡೆಯೆಲ್ಲ ಉಜ್ಜಿ ಬರಿ ಮರ ಮಾಡುವ ಶ್ರಮ ಬೇಡ. ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕೊಳೆ ತೆಗೆದು, ಒಣಗಿಸಿ, 320 ಗ್ರಿಟ್ಟಿನಿಂದ ಹಗುರಾಗಿ ಉಜ್ಜಿ. ಕೈಗಳು ಮಾತ್ರ ಬೆವರು, ಬಿಸಿ ಲೋಟಗಳಿಂದ ಹಾಳಾಗಿದ್ದವು. ಅವನ್ನು 120, 180, 240 ಹೀಗೆ ಮೆಟ್ಟಿಲು ತಪ್ಪದೆ ಮರದ ನಾರಿನ ದಿಕ್ಕಿನಲ್ಲೇ ಉಜ್ಜಬೇಕು. 120ರಿಂದ ನೇರ 240ಕ್ಕೆ ಹಾರಿದರೆ ಒರಟು ಕಾಗದದ ಗೀರುಗಳು ಉಳಿಯುತ್ತವೆ, ಬರಿ ಮರದಲ್ಲಿ ಕಾಣದ ಅವು ಪಾಲಿಶ್ ಬಿದ್ದೊಡನೆ ಎದ್ದು ತೋರುತ್ತವೆ.

ಅರ್ಧ ಲೀಟರ್ ಸ್ಪಿರಿಟ್ಟಿಗೆ 75 ಗ್ರಾಂ ಅರಗಿನ ಹಳಕು. ಗಾಜಿನ ಬಾಟಲಿಯಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು, ಆಗಾಗ ಕುಲುಕಿ, ತೆಳುಬಟ್ಟೆಯಲ್ಲಿ ಸೋಸಿ. ಇಡೀ ಚೌಕಟ್ಟಿಗೆ ಇಷ್ಟು ಸಾಕು. ಕಲಸಿದ್ದು ತಿಂಗಳುಗಟ್ಟಲೆ ಇಟ್ಟರೆ ಒಣಗುವ ಶಕ್ತಿ ಕಳೆದುಕೊಂಡು ಅಂಟಂಟಾಗಿಯೇ ಉಳಿಯುತ್ತದೆ, ಹಳೆಯದಿದ್ದರೆ ಗಾಜಿನ ಮೇಲೆ ಒಂದು ಹನಿ ಒಣಗಿಸಿ ನೋಡದೆ ಬಳಸಬೇಡಿ. ಹತ್ತಿಯ ಉಂಡೆಯನ್ನು ಹಳೇ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಅದ್ದಿ ಹಿಂಡಿ, ಒಂದೇ ದಿಕ್ಕಿನಲ್ಲಿ ಒಂದೊಂದು ಸಲ ಎಳೆಯಿರಿ. ಅರ್ಧ ಒಣಗಿದ ಜಾಗಕ್ಕೆ ವಾಪಸ್ ಬಂದರೆ ಅಡಿಯ ಪದರ ಎದ್ದು ಬರುತ್ತದೆ. ಕೈಗಳಿಗೆ ಆರು ಪದರ, ಉಳಿದ ಕಡೆ ಎರಡು. ಪದರಗಳ ನಡುವೆ ಒಂದೆರಡು ಗಂಟೆ, ಎರಡನೆಯದಾದ ಮೇಲೆ ಒಮ್ಮೆ 320ರ ಉಜ್ಜು.

ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಸಿಕ್ಕಿ ಬೆಳ್ಳಗೆ ಮಬ್ಬಾಗುತ್ತದೆ. ಹಾಗಾದರೆ ಒಣ ಹವೆಯ ದಿನ ಸ್ಪಿರಿಟ್ಟಿನಲ್ಲಿ ಬಹಳ ಕಡಿಮೆ ನೆನೆದ ಬಟ್ಟೆಯಿಂದ ಮೆಲ್ಲಗೆ ಒಮ್ಮೆ ಸವರಿದರೆ ಮಬ್ಬು ಹೋಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅರಗಿನ ಬದಲು ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಎಸೆಯಬಾರದು, ಅವು ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ಹೊರಗೆ ಬಿಡಿಸಿ ಹರಡಿ ಒಣಗಿಸಿದ ಮೇಲೆಯೇ ಎಸೆಯಬೇಕು.

ಬೆಲ್ಟುಗಳು

ಎರಡು ಇಂಚು ಅಗಲದ ಎಲಾಸ್ಟಿಕ್ ಬೆಲ್ಟ್ 20 ಮೀಟರ್ ಸಾಕು. ಮುಂದಿನಿಂದ ಹಿಂದಕ್ಕೆ 18, ಎಡದಿಂದ ಬಲಕ್ಕೆ 5. ಮುಖ್ಯ ಭಾರ ಹೊರುವುದು ಮುಂದಿನಿಂದ ಹಿಂದಕ್ಕೆ ಹೋಗುವ ಗಿಡ್ಡ ಬೆಲ್ಟುಗಳು. ಉದ್ದದವು ಭಾರವನ್ನು ಪಕ್ಕಕ್ಕೆ ಹಂಚುತ್ತವೆ.

ಅಡ್ಡಮರದ ಮೇಲಂಚು ಚೂಪಾಗಿದ್ದರೆ ಬೆಲ್ಟನ್ನು ಕೊಯ್ಯುತ್ತದೆ, ಒಳಬದಿಯ ಅಂಚನ್ನು 80 ಗ್ರಿಟ್ಟಿನಿಂದ ದುಂಡಗೆ ಮಾಡಿ. ಹಿಂದಿನ ಅಡ್ಡಮರದ ನಡುಗೆರೆಯಲ್ಲಿ ಬೆಲ್ಟಿನ ತುದಿ ಇಟ್ಟು 5 ಸ್ಟೇಪಲ್ ಹೊಡೆಯಿರಿ. ಎಲ್ಲವೂ ಒಂದೇ ಸಾಲಿನಲ್ಲಿ ಬೇಡ, ಮರದ ನಾರಿನ ಗುಂಟ ಸಾಲಾಗಿ ಹೊಡೆದರೆ ಸೀಳು ಬಿಡುತ್ತದೆ, ಹಿಂದೆಮುಂದೆ ಇರಲಿ. ಒಂದೂಕಾಲು ಇಂಚು ಬಾಲವನ್ನು ಮೇಲಕ್ಕೆ ಮಡಚಿ ಇನ್ನೂ 4 ಹೊಡೆಯಿರಿ. ಆಮೇಲೆ ಬಿಗಿ ಎಷ್ಟು ಎಂಬ ಪ್ರಶ್ನೆ. ಕೈಯಂದಾಜಿನಲ್ಲಿ ಎಳೆದರೆ ಮೊದಲ ಬೆಲ್ಟಿಗೂ ಕೊನೆಯದಕ್ಕೂ ತಾಳೆಯಾಗುವುದಿಲ್ಲ. ಎರಡು ನಡುಗೆರೆಗಳ ಅಂತರ 21 ಇಂಚು. ಬೆಲ್ಟಿನ ಮೇಲೆ ಎಳೆಯದೆ ಅಳೆದು 18¾ ಇಂಚಿಗೆ ಪೆನ್ನಿನಿಂದ ಗುರುತು ಹಾಕಿ. ಆ ಗುರುತು ಮುಂದಿನ ನಡುಗೆರೆಗೆ ಬರುವ ತನಕ ಎಳೆದು ಹೊಡೆದರೆ ಶೇ 12ರಷ್ಟು ಬಿಗಿ ಸಿಗುತ್ತದೆ, ಹದಿನೆಂಟೂ ಒಂದೇ ಸಮ. ಹೊಡೆದ ಮೇಲೆಯೇ ಸುರುಳಿಯಿಂದ ಕತ್ತರಿಸಿ, ಹಾಗೆ ಮಾಡಿದರೆ ವ್ಯರ್ಥವಾಗುವುದಿಲ್ಲ. ಬೆಲ್ಟುಗಳ ನಡುವೆ ಒಂದೂವರೆ ಇಂಚು ಸಂದಿ. ಎರಡೂವರೆ ಇಂಚು ದಾಟಿದರೆ ಫೋಮ್ ಆ ಸಂದಿಗೆ ಇಳಿದು ಕ್ರಮೇಣ ಗೆರೆ ಬೀಳುತ್ತದೆ. ಉದ್ದದ ಐದನ್ನು ಗಿಡ್ಡವುಗಳ ನಡುವೆ ಮೇಲೆ ಕೆಳಗೆ ಹೆಣೆದು, ಶೇ 6ರಷ್ಟು ಮಾತ್ರ ಎಳೆದು ಹೊಡೆಯಿರಿ. 67 ಇಂಚಿನ ಅಂತರಕ್ಕೆ 63 ಇಂಚಿನ ಗುರುತು.

ಸ್ಟೇಪಲ್ಲುಗಳ ಕಾಲು 10ರಿಂದ 12 ಮಿಲಿಮೀಟರ್ ಇರಲಿ. 46 ತುದಿಗಳಿಗೆ ಒಂಬತ್ತರಂತೆ 414 ಬೇಕು. ಕೈಯ ಸ್ಟೇಪಲ್ ಗನ್ ಗಟ್ಟಿ ಮರದಲ್ಲಿ ಪೂರ್ತಿ ಇಳಿಸುವುದಿಲ್ಲ, ಎದ್ದುನಿಂತ ತಲೆಗಳನ್ನು ಸುತ್ತಿಗೆಯಿಂದ ಕೂರಿಸಬೇಕು. ಅರ್ಧವೂ ಇಳಿಯದಿದ್ದರೆ ಅಗಲ ತಲೆಯ 13 ಮಿಲಿಮೀಟರ್ ಗಿಡ್ಡ ಮೊಳೆಗಳೇ ಮೇಲು.

ಬೆಲ್ಟಿನ ಮೇಲೆ ಒರಟು ಹತ್ತಿಬಟ್ಟೆ ಹಾಸಿ ನಾಲ್ಕೂ ಅಂಚಿಗೆ ಸಡಿಲವಾಗಿ ಸ್ಟೇಪಲ್ ಮಾಡಿ. ಬಟ್ಟೆ ಬಿಗಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಹರಿಯುತ್ತದೆ. ಹಳೇ ಹಾಸುಹೊದಿಕೆಯೂ ನಡೆಯುತ್ತದೆ.

ಫೋಮ್

ಡೆನ್ಸಿಟಿ ಎಂದರೆ ಗಟ್ಟಿತನ ಅಲ್ಲ. ಒಂದು ಘನ ಮೀಟರಿನಲ್ಲಿ ಎಷ್ಟು ಕಿಲೊ ಇದೆ ಎಂಬ ಲೆಕ್ಕ ಅದು. ಹೆಚ್ಚಿದಷ್ಟೂ ಫೋಮ್ ಬೇಗ ಕುಸಿಯುವುದಿಲ್ಲ. ಅದೇ 40 ಡೆನ್ಸಿಟಿಯಲ್ಲಿ ಮೆತ್ತನೆಯದೂ ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ. ದಿನವೂ ಕೂರುವ ಸೀಟಿಗೆ 40 ಇರಲಿ, 32ಕ್ಕಿಂತ ಕೆಳಗೆ ಇಳಿಯಬೇಡಿ. ಬೆಲ್ಟಿನ ಮೇಲಾದ್ದರಿಂದ ದಪ್ಪ 5 ಇಂಚು. ಅಡ್ಡಮರದ 12½ ಸೇರಿ ಸೀಟು 17½ ಇಂಚಿಗೆ ಬರುತ್ತದೆ, ಕೂತಾಗ 16ರ ಸುಮಾರಿಗೆ ಇಳಿಯುತ್ತದೆ. ಹೆಚ್ಚು ಮೆತ್ತಗಿರಲಿ ಎಂದು 7 ಇಂಚು ಹಾಕಿದರೆ ಕುಳ್ಳಗಿನವರ ಪಾದ ನೆಲಕ್ಕೆ ಮುಟ್ಟುವುದಿಲ್ಲ, ಕೈಗಳೂ ತಗ್ಗಿಹೋದಂತೆ ಅನಿಸುತ್ತವೆ.

ಹೇಳಿದ ಡೆನ್ಸಿಟಿಯೇ ಕೊಟ್ಟಿದ್ದಾರೆಯೇ ಎಂದು ತಿಳಿಯಲು ತಕ್ಕಡಿ ಸಾಕು. 22¼ ಇಂಚು ಚೌಕ, 5 ಇಂಚು ದಪ್ಪದ ತುಂಡಿನ ಗಾತ್ರ 0.0406 ಘನ ಮೀಟರ್. 40 ಡೆನ್ಸಿಟಿಯದಾದರೆ 1.6 ಕಿಲೊ, 32 ಆದರೆ 1.3, 28 ಆದರೆ 1.1 ಕಿಲೊ ಮಾತ್ರ ತೂಗುತ್ತದೆ. ಸುಣ್ಣದಂಥ ಪುಡಿ ಬೆರೆಸಿ ತೂಕ ಹೆಚ್ಚಿಸಿದ ಫೋಮೂ ಇರಬಹುದಾದ್ದರಿಂದ ತೂಕದ ಜೊತೆ ಇನ್ನೊಂದು ಪರೀಕ್ಷೆ: ಮೂಲೆಯನ್ನು ಪೂರ್ತಿ ಮಡಚಿ ಅರ್ಧ ನಿಮಿಷ ಹಿಡಿದು ಬಿಡಿ. ತಟ್ಟನೆ ಹಿಂದಿನ ಆಕಾರಕ್ಕೆ ಬರಬೇಕು, ಮಡಿಕೆಯ ಗೆರೆ ಉಳಿಯಬಾರದು.

ಹೊದಿಕೆಯ ಅಳತೆಗಿಂತ ಫೋಮ್ ಉದ್ದದಲ್ಲೂ ಅಗಲದಲ್ಲೂ ಒಟ್ಟು ಅರ್ಧರ್ಧ ಇಂಚು ದೊಡ್ಡದಿದ್ದರೆ ಬಟ್ಟೆ ಸುಕ್ಕಿಲ್ಲದೆ ತುಂಬಿ ನಿಲ್ಲುತ್ತದೆ. ಇಲ್ಲಿ ಹೊದಿಕೆ 21¾, ಫೋಮ್ 22¼. ಹೊದಿಕೆ 22 ಇಟ್ಟರೆ ಪೈಪಿಂಗಿನ (ಅಂಚಿನ ಹೊಲಿಗೆಗೆ ಕೂರಿಸುವ ಉಬ್ಬುಪಟ್ಟಿ) ದಪ್ಪ ಸೇರಿ ಮೂರು ಮೆತ್ತೆಗಳು 66 ಇಂಚಿನಲ್ಲಿ ಹಿಡಿಸದೆ ನಡುವಿನದು ಮೇಲೇಳುತ್ತದೆ. ಫೋಮನ್ನು ಹಲ್ಲಿನ ಉದ್ದ ಚಾಕುವಿನಿಂದ ಒತ್ತದೆ ಕೊಯ್ಯಬೇಕು, ಒತ್ತಿ ಕೊಯ್ದರೆ ಬದಿ ಒಳಕ್ಕೆ ಬಾಗುತ್ತದೆ. ಮೇಲೆ, ಮುಂದೆ, ಕೆಳಗೆ ಸುತ್ತುವಂತೆ ತೆಳ್ಳನೆಯ ಪಾಲಿಯೆಸ್ಟರ್ ಹಾಸನ್ನು ಸ್ಪ್ರೇ ಅಂಟಿನಿಂದ ಹಿಡಿಸಿದರೆ ಅಂಚುಗಳು ಮೃದುವಾಗುತ್ತವೆ, ಬಟ್ಟೆ ಫೋಮಿಗೆ ಉಜ್ಜುವುದೂ ತಪ್ಪುತ್ತದೆ.

ಬೆನ್ನಿಗೆ 4 ಇಂಚು ದಪ್ಪ, 22 ಅಗಲ, 18 ಎತ್ತರ. ಅಲ್ಲಿ ಭಾರ ಕಡಿಮೆ, 28 ಡೆನ್ಸಿಟಿ ಧಾರಾಳ. ಹಳೇ ಸೀಟಿನ ಫೋಮ್ ಪುಡಿಯಾಗದೆ ಬರಿ ಕುಸಿದಿದ್ದರೆ ಬೆನ್ನಿಗೆ ಅದನ್ನೇ ಕತ್ತರಿಸಿ ಬಳಸಿ. ಈ ಸೋಫಾದ್ದು ಉದುರುತ್ತಿದ್ದರಿಂದ ಎಸೆಯಬೇಕಾಯಿತು. ಉದುರುವ ಫೋಮ್ ಚೂರುಚೂರು ಮಾಡಿ ದಿಂಬಿಗೆ ತುಂಬಿದರೂ ನೂಲಿನ ಸಂದಿಯಿಂದ ಪುಡಿ ಸೋರುತ್ತಲೇ ಇರುತ್ತದೆ.

ಬಟ್ಟೆ ಮತ್ತು ಹೊಲಿಗೆ

54 ಇಂಚು ಪನ್ನದ ಬಟ್ಟೆಯಲ್ಲಿ ಲೆಕ್ಕ ಹೀಗೆ. ಹೊಲಿಗೆಗೆ ಸುತ್ತಲೂ 1.5 ಸೆಂಟಿಮೀಟರ್ ಬಿಟ್ಟು ಸೀಟಿನ ಒಂದು ಮುಖಕ್ಕೆ 23 ಇಂಚು ಚೌಕ. ಪನ್ನದಲ್ಲಿ ಎರಡು ಕೂರುತ್ತವೆ, 8 ಇಂಚು ಮಿಗುತ್ತದೆ, ಅದರಲ್ಲಿ 6¼ ಇಂಚಿನ ಬದಿಪಟ್ಟಿ ಬರುತ್ತದೆ. ಮೂರು ಸೀಟಿಗೆ 69 ಇಂಚು ಉದ್ದ. ಬದಿಪಟ್ಟಿ ಇಲ್ಲದೆ ದಿಂಬಿನಂತೆ ಹೊಲಿಯುವ ಬೆನ್ನಿನ ಮುಖ 27¼ x 23¼, ಮೂರಕ್ಕೆ 82 ಇಂಚು. ಉಳಿದ ಬದಿಪಟ್ಟಿ, ಜಿಪ್ಪಿನ ಪಟ್ಟಿ, ಓರೆಯಾಗಿ ಕತ್ತರಿಸುವ ಪೈಪಿಂಗ್ ಪಟ್ಟಿಗೆ 44 ಇಂಚು. ಒಟ್ಟು 195 ಇಂಚು, ಅಂದರೆ 5 ಮೀಟರ್. ಹತ್ತಿಬಟ್ಟೆ ಮೊದಲ ಒಗೆತಕ್ಕೆ ಶೇ 3ರಿಂದ 5 ಕುಗ್ಗುವುದರಿಂದ ಐದೂವರೆ ಮೀಟರ್ ಕೊಂಡು, ಒಗೆದು ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಈ ಜೋಡಣೆಯಲ್ಲಿ ಬೆನ್ನಿನ ತುಂಡುಗಳು ಅಡ್ಡ ಮಲಗುತ್ತವೆ, ಪಟ್ಟೆ ಅಥವಾ ದಿಕ್ಕಿರುವ ವಿನ್ಯಾಸಕ್ಕೆ ಒಗ್ಗುವುದಿಲ್ಲ. ವಿನ್ಯಾಸದ ಬಟ್ಟೆಗೆ ಇನ್ನೂ ಒಂದೂವರೆ ಮೀಟರಾದರೂ ಹೆಚ್ಚು ಬೇಕು, ಕಡಿಮೆ ಖರ್ಚಿನಲ್ಲಿ ಮಾಡುವವರು ಒಂದೇ ಬಣ್ಣದ್ದನ್ನು ಆರಿಸಲು ಇದೇ ಕಾರಣ. ಸೀಟಿನ ಅಡಿಮುಖಕ್ಕೆ ಅಗ್ಗದ ಬಟ್ಟೆ ಹಾಕಿ ಉಳಿಸಬಹುದು, ಆದರೆ ಆಗ ಮೆತ್ತೆಯನ್ನು ಮಗುಚಿ ಬಳಸುವ ಸೌಕರ್ಯ ಹೋಗುತ್ತದೆ. ಆ ಉಳಿತಾಯ ಬೇಡ ಎನ್ನುವುದೇ ಸರಿ.

ಮಾರ್ಟಿಂಡೇಲ್ ಸವೆತದ ಅಂಕಿ (ಬಟ್ಟೆ ಎಷ್ಟು ಸಲದ ಉಜ್ಜಾಟ ತಡೆದೀತು ಎಂಬ ಲೆಕ್ಕ) ನಮೂದಿಸಿದ್ದರೆ 20,000ಕ್ಕಿಂತ ಹೆಚ್ಚಿರಲಿ. ನಮೂದಿಸದಿದ್ದರೆ ಚೂರೊಂದನ್ನು ಎರಡು ಮಾಡಿ ಹೊಲಿದು ಎರಡೂ ಕಡೆಗೆ ಜಗ್ಗಿ. ಹೊಲಿಗೆಯ ಪಕ್ಕದಲ್ಲಿ ನೂಲು ಸರಿದು ಕಿಂಡಿ ಕಂಡರೆ ಆ ಬಟ್ಟೆ ಪರದೆಗಾದೀತು, ಸೀಟಿಗಾಗದು.

ಹೊಲಿಯಲು 16 ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, 3ರಿಂದ 3.5 ಮಿಲಿಮೀಟರ್ ಟಾಕ. ಮೊದಲು ಜಿಪ್ಪಿನ ಪಟ್ಟಿ, ಅದನ್ನು ಬದಿಪಟ್ಟಿಗೆ ಸೇರಿಸಿ ಉಂಗುರದಂತೆ ಮಾಡಿ, ಎರಡೂ ಮುಖಗಳಿಗೆ ಪೈಪಿಂಗ್ ಹಿಡಿಸಿ, ಆಮೇಲೆ ಉಂಗುರಕ್ಕೆ ಜೋಡಿಸಬೇಕು. ಜಿಪ್ ಹಿಂದಿನ ಬದಿಯಿಂದ ಎರಡೂ ಪಕ್ಕಕ್ಕೆ ಮೂರು ಮೂರು ಇಂಚು ತಿರುಗಿದ್ದರೆ ಫೋಮ್ ತೂರಿಸುವಾಗ ಮೂಲೆ ಹರಿಯುವುದಿಲ್ಲ. ಮೂಲೆ ಬಂದಾಗ ಬದಿಪಟ್ಟಿಯ ಹೊಲಿಗೆ ಅಂಚಿಗೆ 1 ಸೆಂಟಿಮೀಟರ್ ಕತ್ತರಿ ಕೊಟ್ಟು, ಸೂಜಿ ಬಟ್ಟೆಯೊಳಗೇ ಇಟ್ಟು ತಿರುಗಿಸಿ. ಕೊನೆಯ ಬದಿ ಹೊಲಿಯುವ ಮುನ್ನ ಜಿಪ್ ತೆರೆದಿರಬೇಕು. ಬೆನ್ನಿನ ಮೆತ್ತೆಗಳ ಮೂಲೆಗಳನ್ನು ನೇರ ಹೊಲಿದರೆ ಕಿವಿಯಂತೆ ಚಾಚಿಕೊಂಡು ಒಳಗೆ ಖಾಲಿ ಉಳಿಯುತ್ತವೆ. ಮೂಲೆಗೆ 4 ಇಂಚು ಇರುವಾಗಲೇ ಗೆರೆಯನ್ನು ನಿಧಾನವಾಗಿ ಅರ್ಧ ಇಂಚು ಒಳಕ್ಕೆ ತಂದರೆ ಅದು ತಪ್ಪುತ್ತದೆ.

ಫೋಮ್ ತೂರಿಸಲು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಜಾರಿಸಿ, ಮೂಲೆಗಳು ಕೂತ ಮೇಲೆ ಹಾಳೆಯನ್ನು ಎಳೆದು ತೆಗೆಯಿರಿ. ಹಾಳೆ ಒಳಗೇ ಉಳಿದರೆ ಗಾಳಿಯಾಡದೆ ಬೆವರು ಹಿಡಿಯುತ್ತದೆ, ಕೂತಾಗ ಸದ್ದೂ ಬರುತ್ತದೆ.

ಜಾಗಕ್ಕಿಟ್ಟ ಮೇಲೆ ಒಂದು ಕಾಲು ಎದ್ದಿದ್ದರೆ ಉಳಿದ ಮೂರನ್ನು ಕತ್ತರಿಸಬೇಡಿ. ಎದ್ದ ಕಾಲಿನಡಿಗೆ ಕಾಗದ ಮಡಚಿ ತೂರಿಸಿ ಅಲುಗಾಟ ನಿಂತಾಗ ಆ ದಪ್ಪ ಅಳೆದು, ಅಷ್ಟೇ ದಪ್ಪದ ಮರದ ಬಿಲ್ಲೆ ಅಂಟಿಸಿ, ಆಮೇಲೆ ನಾಲ್ಕಕ್ಕೂ ಫೆಲ್ಟ್ ಹಾಕಿ. ಗೋಡೆಯಿಂದ ಎರಡು ಇಂಚು ಬಿಟ್ಟಿರಲಿ, ತೇವದ ಗೋಡೆಗೆ ತಾಗಿದ ಹಿಂದಿನ ಅಡ್ಡಮರಕ್ಕೇ ಗೆದ್ದಲೂ ಬೂಷ್ಟೂ ಮೊದಲು ಬರುವುದು. ವಾರಕ್ಕೊಮ್ಮೆ ಸೀಟಿನ ಮೆತ್ತೆಗಳನ್ನು ಮಗುಚಿ ಜಾಗ ಬದಲಿಸಿ. ಮೂರು ತಿಂಗಳಾದ ಮೇಲೆ ಒಮ್ಮೆ ಮಗುಚಿ ಮೂಲೆಗುಟಕಗಳ ಸ್ಕ್ರೂ ನೋಡಿ. ಕಾಲು ಸುತ್ತು ಬಿಗಿಯಾದರೆ ಸಹಜ, ಮರ ಕೂತಿದೆ. ಒಂದು ಸುತ್ತಿಗಿಂತ ಹೆಚ್ಚು ತಿರುಗಿದರೆ ಆ ಮೂಲೆಯ ಜಾಯಿಂಟಿನಲ್ಲಿ ಅಂಟು ಹಿಡಿದಿಲ್ಲ, ಅದೊಂದನ್ನು ಬಿಚ್ಚಿ ಮತ್ತೆ ಮಾಡಬೇಕು.